ಮಾತಾಡುವ ಪೆಟ್ಟಿಗೆಗೆ ಕನ್ನಡ ಬರುತ್ತಾ?

ಈ ವಾರದ ವಿಡಿಯೋ ಮಾತಿನ ಬರಹರೂಪ ಇದು. ಲೋಕಲ್ ಟ್ರೈನಿನಲ್ಲೋ ಆಫೀಸ್ ಕ್ಯಾಬಿನಲ್ಲೋ ಸೌಂಡ್ ಹಾಕಿಕೊಂಡು ನೋಡೋಕಾಗದವರು ಓದಿಕೊಳ್ಳಿ. ಆದರೆ ಇವತ್ತಿನ ವಿಷಯವೇ ಸೌಂಡು. ಹಾಗಾಗಿ ಅಲ್ಲಲ್ಲಿ ನೀವೇ ಬಾಯಿಬಿಟ್ಟು ಅಂದು ನೋಡಬೇಕಾಗುತ್ತೆ. ಪಕ್ಕದವರು ತಿರುಗಿ ನೋಡಿದರೆ ನಾನು ಜವಾಬ್ದಾರನಲ್ಲ.

ನಾವು ಪುಣೆಗೆ ಬಂದು ಒಂಬತ್ತು ವರ್ಷ ಆಯಿತು. ಮಗಳು ಹುಟ್ಟಿದ್ದು ಇಲ್ಲೇ, ಈಗ ಆರು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡೋಕೆ ಹೋದರೆ ಮರಾಠಿ, ಹಿಂದಿ. ಕನ್ನಡ ಅನ್ನೋದು ಮನೆಯೊಳಗೆ ಮಾತ್ರ, ಅದೂ ನಾವಿಬ್ಬರೂ ಸಂಜೆಯ ಕಾಲ್‌ಗಳನ್ನು ಮುಗಿಸಿ ಮನುಷ್ಯರಾದ ಮೇಲೆ. ಈ ತಪ್ಪಿತಸ್ಥ ಭಾವದಲ್ಲಿ ನಮ್ಮಂಥವರು ಏನು ಮಾಡ್ತೀವೋ ಅದನ್ನೇ ಮಾಡಿದೆ: ದುಡ್ಡು ಕೊಟ್ಟು ಒಂದು ಸಾಮಾನು ತರಿಸಿದೆ. ಚಿತ್ರ ಒತ್ತಿದರೆ ಹೆಸರು ಹೇಳುವ ಬೋರ್ಡು, ಐದಾರು ಭಾರತೀಯ ಭಾಷೆಗಳು, ಕನ್ನಡವೂ ಇದೆ ಅಂತ ಡಬ್ಬದ ಮೇಲೆ ಬರೆದಿತ್ತು.

ಆನೆ ಒತ್ತಿದರೆ ಆನೆ ಅಂತು. ನರಿ ಅಂದರೆ ನರಿ. ಖುಷಿಯಾಯಿತು. ಮರ ಒತ್ತಿದರೆ 'ಮರ್' ಅಂತು. ಕೆಳಗಿನ ಮನೆಯ ಹುಡುಗ ಬಿದ್ದು ಬಿದ್ದು ನಕ್ಕ, ಯಾಕಂದ್ರೆ ಅವನ ಭಾಷೆಯಲ್ಲಿ ಅದು 'ಸಾಯಿ' ಅಂದ ಹಾಗೆ. ಕೊಡೆ ಒತ್ತಿದರೆ 'ಕೋಡೇ', ಮರಾಠಿಯಲ್ಲಿ ಒಗಟು. ಮೊಲ ಒತ್ತಿದರೆ 'ಮೋಲ್', ಹಿಂದಿಯಲ್ಲಿ ಬೆಲೆ.

ಮೊದಮೊದಲು ನಮಗೂ ತಮಾಷೆಯೇ. ಒಂದು ತಿಂಗಳು ಕಳೆದಿರಬೇಕು, ಭಾನುವಾರ ತುಮಕೂರಿಗೆ ಫೋನ್ ಮಾಡಿದಾಗ ಮಗಳು "ಅಜ್ಜಿ, ನಂಗೆ ಮೋಲ್ ಬೇಕು" ಅಂದಳು. ಅಮ್ಮ "ಏನಂತೋ ಮಗೂಗೆ?" ಅಂತ ನನ್ನನ್ನು ಕೇಳಿದರು. ನಾನು "ಮೊಲ ಅಮ್ಮಾ, ಮೊಲ" ಅಂದೆ. "ಓ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ಮೇಲೆ ನಾವಿಬ್ರೂ ಮಾತಾಡೋಕೆ ಮಧ್ಯದಲ್ಲಿ ನೀನೊಬ್ಬ ಬೇಕು ಅನ್ನು" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಸುಮ್ಮನೆ ಅಂದದ್ದು. ಫೋನಿಟ್ಟ ಮೇಲೂ ಆ ಮಾತು ಹೋಗಲಿಲ್ಲ.

ಇಂಜಿನಿಯರ್ ಬುದ್ಧಿ, ಕಾರಣ ಹುಡುಕೋಕೆ ಕೂತೆ. ಫೋನಿನ ಹಿಂದಿ ಧ್ವನಿಗೆ ದೇವನಾಗರಿಯಲ್ಲಿ ಮರ, ಮೊಲ, ಕೊಡೆ ಅಂತ ಟೈಪ್ ಮಾಡಿ ಓದಿಸಿದೆ. ಅವೇ ಮೂರು ತಪ್ಪುಗಳು ಬಂದವು: ಮರ್, ಮೋಲ್, ಕೋಡೇ. ಅಂದರೆ ಕನ್ನಡದ ಪದಪಟ್ಟಿಯನ್ನು ಹಿಂದಿ ಓದುವ ಯಂತ್ರದ ಬಾಯಿಗೆ ಹಾಕಿದರೆ ಹೊರಗೆ ಬರೋದು ಇದೇ. ದೇವನಾಗರಿಯಲ್ಲೂ ನಮ್ಮ ಹಾಗೆಯೇ ಪ್ರತಿ ಅಕ್ಷರದೊಳಗೆ ಒಂದು 'ಅ' ಇದೆ, ಆದರೆ ಹಿಂದಿ ಮರಾಠಿಗಳಲ್ಲಿ ಪದದ ಕೊನೆಯ ಆ 'ಅ'ವನ್ನು ನುಂಗಿಬಿಡುತ್ತಾರೆ. ಬರೆಯೋದು ರಾಮ, ಅನ್ನೋದು ರಾಮ್. ಯಂತ್ರಕ್ಕೂ ಅದೇ ನಿಯಮ ಕಲಿಸಿರುತ್ತಾರೆ. ಇನ್ನು ಹ್ರಸ್ವ ಎ, ಹ್ರಸ್ವ ಒ ಹಿಂದಿಯ ಅಕ್ಷರಮಾಲೆಯಲ್ಲಿ ಬೇರೆಯಾಗಿ ಇಲ್ಲ. ಹಾಗಾಗಿ ಮೊಲ ಅಂತ ಬರೆಯೋಕೇ ಜಾಗವಿಲ್ಲ. ಬೆಳೆ, ಬೇಳೆ ಎರಡೂ ಒಂದೇ. ಯಂತ್ರಕ್ಕೆ ಕನ್ನಡ ಬರಲ್ಲ ಅಂತಲ್ಲ, ಅದಕ್ಕೆ ಯಾರೂ ಕನ್ನಡ ಹೇಳಿಕೊಟ್ಟಿಲ್ಲ.

ಹಾಗಾದರೆ ಯಂತ್ರಕ್ಕೆ ಮಾತು ಹೇಳಿಕೊಡೋದು ಹೇಗೆ? ಇದು ಬಹಳ ಚಂದದ ಕತೆ, ಸ್ವಲ್ಪ ನಿಂತು ಹೇಳ್ತೀನಿ.

ಮಾತಾಡುವ ಆಟಿಕೆ ಅಂದಾಗ ಎಲ್ಲರ ತಲೆಗೆ ಮೊದಲು ಬರೋದು ರೆಕಾರ್ಡಿಂಗು. ಎಡಿಸನ್ 1890ರಲ್ಲೇ ಗೊಂಬೆಯ ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫ್ ಇಟ್ಟು ಮಾರಿದ. ಕೈಯಿಂದ ತಿರುಗಿಸಿದರೆ ಶಿಶುಗೀತೆ ಹೇಳುವ ಗೊಂಬೆ. ಧ್ವನಿ ಕರ್ಕಶ, ಮೇಣದ ಸಿಲಿಂಡರು ಬೇಗ ಸವೆಯುತ್ತಿತ್ತು, ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಆಮೇಲೆ ಬಂದ ಮಾತಾಡುವ ಬೊಂಬೆಗಳೂ ಹೆಚ್ಚುಕಮ್ಮಿ ಅದೇ ದಾರಿಯವು. ಇದರ ತೊಂದರೆ ಏನಂದ್ರೆ, ಕಲಿಸುವ ಆಟಿಕೆ ಮಗುವಿನ ಉತ್ತರ ನೋಡಿ ಮುಂದಿನ ಮಾತನ್ನು ಆರಿಸಬೇಕು. ಟೇಪಿನಲ್ಲಿ ಹಿಂದೆ ಮುಂದೆ ಓಡಿಸುತ್ತಾ ಕೂತರೆ ಮಗು ಎದ್ದು ಹೋಗುತ್ತೆ.

1970ರ ದಶಕದ ಕೊನೆಗೆ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ನಾಲ್ವರು ಸೇರಿ ಈ ಗಂಟು ಬಿಡಿಸಿದರು: ಪಾಲ್ ಬ್ರೀಡ್‌ಲವ್, ರಿಚರ್ಡ್ ವಿಗ್ಗಿನ್ಸ್, ಲ್ಯಾರಿ ಬ್ರಾಂಟಿಂಗ್‌ಹ್ಯಾಮ್, ಜೀನ್ ಫ್ರಾಂಟ್ಸ್. ಶುರುವಿಗೆ ಅವರ ಕೈಗೆ ಸಿಕ್ಕಿದ್ದು 25,000 ಡಾಲರ್. 1978ರ ಬೇಸಿಗೆಯಲ್ಲಿ ಅವರ 'ಸ್ಪೀಕ್ ಅಂಡ್ ಸ್ಪೆಲ್' ಹೊರಬಂತು. ಕೆಂಪು ಪ್ಲಾಸ್ಟಿಕ್ಕಿನ, ಹಿಡಿಕೆ ಇರುವ ಪೆಟ್ಟಿಗೆ. ಅದು ಒಂದು ಇಂಗ್ಲಿಷ್ ಪದ ಹೇಳುತ್ತೆ, ಮಗು ಸ್ಪೆಲಿಂಗ್ ಒತ್ತಬೇಕು. 'ಇ.ಟಿ.' ಸಿನಿಮಾ ನೋಡಿದವರಿಗೆ ನೆನಪಿರಬಹುದು, ಆ ಅನ್ಯಗ್ರಹದ ಜೀವಿ ತನ್ನ ಮನೆಗೆ ಫೋನ್ ಮಾಡೋಕೆ ಜೋಡಿಸುವ ಯಂತ್ರದಲ್ಲಿ ಇದೇ ಪೆಟ್ಟಿಗೆ ಇದೆ. ಊರು ಬಿಟ್ಟು ಬಂದವನು ಮನೆಗೆ ಫೋನ್ ಮಾಡೋದು, ನಮಗೆ ಪರಿಚಿತ ಸಮಾಚಾರವೇ.

ಅದರೊಳಗೆ ಮಾತು ಹಿಡಿಸಿದ್ದು ಹೇಗೆ ಅಂತ ಲೆಕ್ಕ ಹಾಕಿ ನೋಡಿ. ಸಾಧಾರಣ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 8,000 ಮಾದರಿ, ಒಂದೊಂದಕ್ಕೆ 8 ಬಿಟ್. ಸೆಕೆಂಡಿಗೆ 64,000 ಬಿಟ್ ಆಯಿತು. ಪೆಟ್ಟಿಗೆಯಲ್ಲಿದ್ದ ಎರಡು ಮೆಮೊರಿ ಚಿಪ್‌ಗಳಲ್ಲಿ ಒಟ್ಟು ಜಾಗ 2,62,144 ಬಿಟ್. ಅಂದರೆ ಬರೀ ನಾಲ್ಕು ಸೆಕೆಂಡು! ನಾಲ್ಕು ಸೆಕೆಂಡಿನಲ್ಲಿ ಇಡೀ ಪಾಠ ಹಿಡಿಸೋದು ಹೇಗೆ?

ಅವರು ಧ್ವನಿಯನ್ನು ತುಂಬಲಿಲ್ಲ. ಬಾಯಿಯನ್ನು ತುಂಬಿದರು.

ಈಗ 'ಆ' ಅಂತ ಎಳೆಯಿರಿ, ಉಸಿರು ನಿಲ್ಲಿಸದೆ 'ಈ'ಗೆ ಬನ್ನಿ, ಆಮೇಲೆ 'ಊ'. ಗಂಟಲಿನಲ್ಲಿ ಹುಟ್ಟುವ ಝೇಂಕಾರ ಹಾಗೇ ಇದೆ, ಬದಲಾಗಿದ್ದು ಬಾಯಿಯ ಆಕಾರ ಮಾತ್ರ. ಈಗ ಗಂಟಲ ಮೇಲೆ ಬೆರಳಿಟ್ಟು 'ಸ್ಸ್ಸ್' ಅನ್ನಿ. ನಡುಕವೇ ಇಲ್ಲ, ಬರೀ ಗಾಳಿಯ ಸದ್ದು. ಮಾತು ಅಂದರೆ ಇಷ್ಟೇ: ಒಂದೋ ಝೇಂಕಾರ, ಇಲ್ಲವೇ ಗಾಳಿ ಸದ್ದು, ಎರಡೂ ಹಾದು ಬರೋದು ಆಕಾರ ಬದಲಿಸುತ್ತಾ ಇರುವ ಒಂದು ಕೊಳವೆಯ ಮೂಲಕ. ನಾಲಿಗೆ, ತುಟಿ, ದವಡೆ ಆಡೋದು ಧ್ವನಿಯ ಅಲೆಗಳಿಗೆ ಹೋಲಿಸಿದರೆ ಬಹಳ ನಿಧಾನ. ಹಾಗಾಗಿ ಪ್ರತಿ ಅಲೆಯನ್ನೂ ಬರೆದಿಡಬೇಕಿಲ್ಲ. ಸೆಕೆಂಡಿಗೆ 40 ಸಲ ಕೊಳವೆ ಹೇಗಿತ್ತು ಅಂತ ಬರೆದಿಟ್ಟರೆ ಸಾಕು. ಸ್ಪೀಕ್ ಅಂಡ್ ಸ್ಪೆಲ್‌ನ ಚಿಪ್ ಮಾಡಿದ್ದು ಅದನ್ನೇ. ಒಂದು ಚೌಕಟ್ಟಿಗೆ ಹೆಚ್ಚೆಂದರೆ 49 ಬಿಟ್: ಎಷ್ಟು ಜೋರು, ಶ್ರುತಿ ಎಷ್ಟು, ಕೊಳವೆಯ ಆಕಾರ ಹೇಳುವ ಹತ್ತು ಸಂಖ್ಯೆಗಳು. ಹಿಂದಿನ ಆಕಾರವೇ ಮುಂದುವರಿದರೆ ಹತ್ತೇ ಬಿಟ್. ಮೌನಕ್ಕೆ ನಾಲ್ಕೇ. ಸರಾಸರಿ ಸೆಕೆಂಡಿಗೆ ಸುಮಾರು 1,200 ಬಿಟ್‌ಗೆ ಇಳಿಯಿತು. ನಾಲ್ಕು ಸೆಕೆಂಡಿನ ಜಾಗದಲ್ಲಿ ಮೂರು ನಿಮಿಷಕ್ಕೂ ಹೆಚ್ಚಿನ ಮಾತು!

ಆ ಹತ್ತು ಸಂಖ್ಯೆಗಳನ್ನು ತೆಗೆಯುವ ವಿದ್ಯೆಗೆ ಲೀನಿಯರ್ ಪ್ರಿಡಿಕ್ಷನ್ ಅಂತಾರೆ. ಹಿಂದಿನ ಹತ್ತು ಮಾದರಿಗಳಿಗೆ ಬೇರೆ ಬೇರೆ ತೂಕ ಕೊಟ್ಟು ಕೂಡಿಸಿದರೆ ಮುಂದಿನ ಮಾದರಿ ಎಷ್ಟಿರಬಹುದು ಅಂತ ಊಹಿಸಬಹುದು, ಆ ತೂಕಗಳೇ ಕೊಳವೆಯ ಆಕಾರದ ಲೆಕ್ಕ. ಜಪಾನಿನಲ್ಲಿ ಇಟಾಕುರಾ ಮತ್ತು ಸೈಟೊ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿಷ್ಣು ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್, 1960ರ ದಶಕದಲ್ಲಿ ಇದನ್ನು ಮಾತಿಗೆ ಅಳವಡಿಸಿದರು. ಈ ಅಟಲ್ ಕಾನ್ಪುರದಲ್ಲಿ ಹುಟ್ಟಿದವರು, ಓದಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಅದೇ ಐಐಎಸ್‌ಸಿ. 1955ರಲ್ಲಿ ಅಲ್ಲಿಂದ ಡಿಪ್ಲೊಮಾ, ಆಮೇಲೆ ಕೆಲವು ವರ್ಷ ಅಲ್ಲೇ ಪಾಠ ಹೇಳಿದರು, 1961ರಲ್ಲಿ ಬೆಲ್ ಲ್ಯಾಬ್ಸ್‌ಗೆ ಹೋದರು. ಮಲ್ಲೇಶ್ವರ, ಯಶವಂತಪುರದ ಕಡೆ ಓಡಾಡಿದವರಿಗೆ ಒಂಚೂರು ಹೆಮ್ಮೆ ಪಡೋಕೆ ಅಡ್ಡಿಯಿಲ್ಲ.

ಇದು ಹಳೇ ಆಟಿಕೆಯ ಕತೆ ಮಾತ್ರ ಅಂದುಕೊಳ್ಳಬೇಡಿ. ಮೊಬೈಲ್ ಫೋನಿನ ಧ್ವನಿಗೆ ಬಳಸುವ ಕೋಡೆಕ್‌ಗಳ ಬೇರೂ ಇದೇ ವಿದ್ಯೆ. ನೀವು ಊರಿಗೆ ಫೋನ್ ಮಾಡಿದಾಗ ಅಮ್ಮನ ಧ್ವನಿ ಹಾಗ್ಹಾಗೇ ಬರೋದಿಲ್ಲ. ಇಪ್ಪತ್ತು ಮಿಲಿಸೆಕೆಂಡಿಗೊಮ್ಮೆ ಅವರ ಬಾಯಿಯ ಆಕಾರದ ಲೆಕ್ಕ ಬರುತ್ತೆ, ಜೊತೆಗೆ ಗಂಟಲಿನ ಸದ್ದು ಹೇಗಿತ್ತು ಅನ್ನೋ ಸೂಚನೆ ಬರುತ್ತೆ. ಅದರಿಂದ ನಿಮ್ಮ ಕೈಯಲ್ಲಿರುವ ಫೋನು ಅಮ್ಮನ ಧ್ವನಿಯನ್ನು ಹೊಸದಾಗಿ ಮಾಡುತ್ತೆ. ಇದು ಗೊತ್ತಾದ ದಿನ ನನಗೆ ಒಂಥರಾ ಆಯಿತು.

ಕನ್ನಡಕ್ಕೆ ಬರೋಣ. ಈ ಬಾಯಿಗೆ ಕನ್ನಡ ಹೇಳಿಸೋಕೆ ಏನೇನು ಬೇಕು?

ಮೊದಲನೆಯದು ಆಗಲೇ ನೋಡಿದ್ದು, ಕೊನೆಯ 'ಅ' ಉಳಿಯಬೇಕು, ಎ-ಏ, ಒ-ಓ ಬೇರೆಯಾಗಿರಬೇಕು. ಎರಡನೆಯದು ಒತ್ತಕ್ಷರ. 'ಕತೆ' ಅನ್ನಿ, 'ಕತ್ತೆ' ಅನ್ನಿ. ವ್ಯತ್ಯಾಸ ಎಲ್ಲಿದೆ? ನಾಲಿಗೆ ಹಲ್ಲಿಗೆ ಅಂಟಿಕೊಂಡಿರುವ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಸದ್ದೇ ಇಲ್ಲ. ಅಂದರೆ ಮುಖ್ಯ ವ್ಯತ್ಯಾಸ ಮೌನದ ಉದ್ದ. 1978ರ ಆ ಚಿಪ್‌ನ ಲೆಕ್ಕದಲ್ಲಿ ಹೇಳೋದಾದರೆ, ನಡುವೆ ನಾಲ್ಕು ಮೌನದ ಚೌಕಟ್ಟು ಹೆಚ್ಚಿಗೆ ಸೇರಿಸಿದರೆ, ಅಂದರೆ ಬರೀ 16 ಬಿಟ್, ಅಜ್ಜಿ ಹೇಳುವ ಕತೆ ಹೋಗಿ ಕತ್ತೆ ಬರುತ್ತೆ. ಇಂಗ್ಲಿಷಿನಲ್ಲಿ ಒಂದು ಪದದ ಒಳಗೆ ಈ ಭೇದಕ್ಕೆ ಬೆಲೆ ಇಲ್ಲ. ಹಾಗಾಗಿ ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ ಆ ಮೌನವನ್ನು ಲೆಕ್ಕಕ್ಕೇ ತಗೊಳ್ಳದೆ ಹೋಗಬಹುದು.

ಮೂರನೆಯದು ಳ, ಣ, ಟ, ಡ. ನಾಲಿಗೆ ಮಡಿಸಿ ಅಂಗಳಕ್ಕೆ ತಾಗಿಸಿದಾಗ ಬಾಯಿಯ ಮೂರನೇ ಅನುರಣನ ಕೆಳಗಿಳಿಯುತ್ತೆ, ಕಿವಿ ಅದನ್ನೇ ಹಿಡಿಯೋದು. 'ಬೆಲೆ' 'ಬೆಳೆ' ಬೇರೆಯಾಗೋದು ಹೀಗೆ. ಈ ವಿಷಯದಲ್ಲಿ ಪುಣೆ, ಚೆನ್ನೈ, ಹೈದರಾಬಾದಿನ ಕನ್ನಡ ಮಕ್ಕಳು ಅದೃಷ್ಟವಂತರು, ಮರಾಠಿ, ತಮಿಳು, ತೆಲುಗಿನಲ್ಲಿ ಳ ಇದೆ. ದೆಹಲಿಯವರು ಮನೆಯಲ್ಲೇ ಕಲಿಸಬೇಕು. ಇನ್ನು ಮ, ನ, ಣ ಅನ್ನುವಾಗ ಗಾಳಿ ಮೂಗಿಗೆ ತಿರುಗುತ್ತೆ, ಅಂದರೆ ಕೊಳವೆಗೆ ಕವಲು ಬರುತ್ತೆ. ಹಳೆಯ ಚಿಪ್‌ನ ಹತ್ತು ಸಂಖ್ಯೆಗಳಿಗೆ ಕವಲಿನ ಲೆಕ್ಕ ಗೊತ್ತಿಲ್ಲ. ಹಾಗಾಗಿ ಆ ಪೆಟ್ಟಿಗೆಗಳ 'ಮ'ಕ್ಕೆ ಸದಾ ನೆಗಡಿ.

ಇನ್ನೊಂದು ಮಾತು. 'ಸ್ಪೀಕ್ ಅಂಡ್ ಸ್ಪೆಲ್' ಆಟವಾಗಿದ್ದು ಇಂಗ್ಲಿಷ್ ಸ್ಪೆಲಿಂಗ್ ಹುಚ್ಚುಹುಚ್ಚಾಗಿರೋದರಿಂದ. ಫ್ರೆಂಚ್, ಜರ್ಮನ್, ಇಟಾಲಿಯನ್‌ಗೂ ಆ ಪೆಟ್ಟಿಗೆ ಬಂತು. ಕನ್ನಡದಲ್ಲಿ ಹಾಗೇ ಮಾಡಿದರೆ ಆಟ ಎರಡು ದಿನಕ್ಕೆ ಮುಗಿದುಹೋಗುತ್ತೆ, ಅಂದಂತೆ ಬರೆಯುವ ಭಾಷೆ ನಮ್ಮದು. ನಮ್ಮ ಮಕ್ಕಳು ಮುಗ್ಗರಿಸೋದು ಕಾಗುಣಿತದಲ್ಲಿ, ಒತ್ತಕ್ಷರದಲ್ಲಿ. ಆಟ ಅಲ್ಲಿರಬೇಕು. ಕ ಒತ್ತಿ, ಮೇಲೆ ಏತ್ವ ಒತ್ತಿ, ಕೆ ಕೇಳಿ, ಆಮೇಲೆ ದೀರ್ಘ ಒತ್ತಿ, ಕೇ ಕೇಳಿ. ಇಂಗ್ಲಿಷ್ ಆಟಿಕೆಯ ಪದಗಳನ್ನು ಮಾತ್ರ ಬದಲಾಯಿಸಿ ಕನ್ನಡ ಅಂತ ಮಾರೋದು ನನಗೆ ಸೋಮಾರಿತನ ಅನ್ನಿಸುತ್ತೆ.

ಸರಿ, ನಾನೇ ಮಾಡ್ತೀನಿ ಅಂತ ಹೊರಟೆ. ಒಂದು ರಾಸ್ಪ್‌ಬೆರಿ ಪೈ, ಸ್ಪೀಕರು, ಗುಂಡಿಗಳು. ಮಾತಿಗೆ ಇಸ್ಪೀಕ್ ಎನ್‌ಜಿ ಅನ್ನೋ ಉಚಿತ ತಂತ್ರಾಂಶ, ಅದರಲ್ಲಿ ಕನ್ನಡ ಇದೆ. ಅಂಧರು ಕಂಪ್ಯೂಟರ್ ಬಳಸೋಕೆ ಸಹಾಯ ಮಾಡುವ ಎನ್‌ವಿಡಿಎ ಜೊತೆ ಬರೋದೂ ಇದೇ. ಇದು ಕೂಡ ಬಾಯಿಯ ಅನುರಣನಗಳನ್ನು ಲೆಕ್ಕದಿಂದ ಕಟ್ಟುವ ಜಾತಿಯದು, ಹಾಗಾಗಿ ಗಾತ್ರ ಬಹಳ ಚಿಕ್ಕದು, ವೇಗ ಎಷ್ಟು ಬೇಕಾದರೂ ಏರಿಸಬಹುದು. ಧ್ವನಿ ಮಾತ್ರ ಡಬ್ಬದೊಳಗೆ ಕೂತವರದ್ದು. ಆದರೆ ಮರ ಅಂದರೆ ಮರ ಅಂತು, ಮೊಲ ಅಂದರೆ ಮೊಲ. ಯಾರೋ ಪುಣ್ಯಾತ್ಮರು ಕೂತು ಕನ್ನಡದ ನಿಯಮ ಬರೆದಿದ್ದಾರೆ. ಮಗಳು ಅದಕ್ಕೆ ರೋಬೋ ತಾತ ಅಂತ ಹೆಸರಿಟ್ಟಳು.

ಇಂಪಾದ ಧ್ವನಿ ಬೇಕಂದರೆ ಈಗಿನ ನ್ಯೂರಲ್ ದಾರಿ ಇದೆ. ಅಲ್ಲಿ ನಿಯಮಗಳಿಗಿಂತ ಗಂಟೆಗಟ್ಟಲೆ ಧ್ವನಿಮುದ್ರಣವೇ ಗುರು. ಐಐಎಸ್‌ಸಿಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಓದುವ ತಂತ್ರಾಂಶಕ್ಕಾಗಿ ವರ್ಷಗಟ್ಟಲೆ ದುಡಿದಿದೆ. ಐಐಟಿ ಮದ್ರಾಸಿನ ನೇತೃತ್ವದ ಕೂಟ ಭಾರತೀಯ ಭಾಷೆಗಳಿಗಾಗಿ ಮುದ್ರಿಸಿದ ಧ್ವನಿಗಳಲ್ಲಿ ಕನ್ನಡವೂ ಇದೆ, ಎಐಫಾರ್‌ಭಾರತ್‌ನ ಮಾದರಿಗಳಲ್ಲೂ ಇದೆ. ಕೇಳೋಕೆ ಚೆನ್ನಾಗಿವೆ. ಮಗಳಿಗೆ ಒಂದು ಕತೆ ಓದಿಸಿದೆ. "ನಾನು ಕಾಡಿಗೆ ಹೋಗುತ್ತೇನೆ ಎಂದು ಮೊಲವು ಹೇಳಿತು." ಮಗಳು ನನ್ನ ಮುಖ ನೋಡಿ "ಅಪ್ಪಾ, ಇದು ನ್ಯೂಸಾ?" ಅಂದಳು. ತಪ್ಪು ಯಂತ್ರದ್ದಲ್ಲ. ಬರೆದದ್ದನ್ನು ಬರೆದ ಹಾಗೇ ಓದಿತು. ನಮ್ಮ ಮನೆಯಲ್ಲಿ ಯಾರೂ 'ಹೋಗುತ್ತೇನೆ' ಅನ್ನಲ್ಲ, 'ಹೋಗ್ತೀನಿ' ಅಂತೀವಿ. ಧಾರವಾಡದವರು 'ಹೋಗ್ತೇನಿ' ಅಂತಾರೆ. ನುಂಗುವ ಅಭ್ಯಾಸ ನಮಗೂ ಇದೆ ಸ್ವಾಮಿ, ಆದರೆ ನಾವು ನುಂಗುವ ಜಾಗ ಬೇರೆ.

ಆಟಿಕೆ ಕೊಳ್ಳುವವರಿಗೆ ಒಂದು ಉಪಾಯ ಹೇಳಿಬಿಡ್ತೀನಿ. ಅಂಗಡಿಯಲ್ಲಿ ಅಥವಾ ಡೆಮೊ ವಿಡಿಯೋದಲ್ಲಿ ಆನೆ, ನರಿ ಕೇಳಿ ಮೋಸ ಹೋಗಬೇಡಿ, ಅವು ಯಾರ ಬಾಯಲ್ಲೂ ಹೆಚ್ಚು ಕೆಡಲ್ಲ. ಮರ ಕೇಳಿ. ಮೊಲ ಕೇಳಿ. ಹಕ್ಕಿ, ಬೆಕ್ಕು, ಕತ್ತೆಯಲ್ಲಿ ಒತ್ತು ಇದೆಯಾ ಕೇಳಿ. ಎಲೆ ಮತ್ತು ಏಣಿಯ ಮೊದಲಕ್ಷರ ಬೇರೆ ಬೇರೆಯಾಗಿ ಕೇಳುತ್ತಾ ನೋಡಿ. ಬಾಳೆಹಣ್ಣಿನಲ್ಲಿ ಳ, ಣ ಎರಡೂ ಇವೆ, ಒಂದೇ ಗುಂಡಿಯಲ್ಲಿ ಎರಡು ಪರೀಕ್ಷೆ ಮುಗಿಯುತ್ತೆ.

ನಾನು ಕೊನೆಗೆ ಎಡಿಸನ್ನನ ದಾರಿಗೇ ಬಂದೆ. ರೆಕಾರ್ಡಿಂಗು! ಈಗ ಜಾಗದ ಚಿಂತೆ ಎಲ್ಲಿದೆ? ಫೋನಿನಲ್ಲಿ ಕುಗ್ಗಿಸದೆ ರೆಕಾರ್ಡ್ ಮಾಡಿದರೆ ಸೆಕೆಂಡಿಗೆ 32,000 ಬೈಟ್ ಬೇಕಾಗಬಹುದು. ಸ್ಪೀಕ್ ಅಂಡ್ ಸ್ಪೆಲ್‌ನ ಇಡೀ ಮಾತಿನ ಭಂಡಾರ ಹೆಚ್ಚುಕಮ್ಮಿ ಅಷ್ಟೇ. ಆ ನಾಲ್ವರು ತಿಂಗಳುಗಟ್ಟಲೆ ಒದ್ದಾಡಿ ಮಿಗಿಸಿದ ಜಾಗವನ್ನು ನಮ್ಮಮ್ಮ ಒಮ್ಮೆ ಕೆಮ್ಮಿದರೆ ತುಂಬಿಬಿಡುತ್ತಾರೆ.

ದಸರಾ ರಜಕ್ಕೆ ಊರಿಗೆ ಹೋದಾಗ ಅರವತ್ತು ಚಿತ್ರಗಳನ್ನು ಅಮ್ಮನ ಮುಂದೆ ಹರವಿದೆ. "ಒಂದೊಂದೇ ಪದ ಹೇಳಮ್ಮ, ಸಾಕು." ಆಗಲೇ ಇಲ್ಲ. ಮೊಲ ತೋರಿಸಿದರೆ "ಮೊಲ. ನಮ್ಮ ತೋಟದಲ್ಲಿ ಅವರೆ ಗಿಡ ಎಲ್ಲಾ ತಿಂದಾಕ್ತಿದ್ವು ನೋಡು" ಅಂದರು. ಕೊಡೆ ತೋರಿಸಿದರೆ ನಮ್ಮಪ್ಪ ಬಸ್ಸಿನಲ್ಲಿ ಬಿಟ್ಟು ಬಂದ ಕೊಡೆಗಳ ಲೆಕ್ಕ. ಪುಣೆಗೆ ವಾಪಸ್ ಬಂದು ಒಂದೊಂದನ್ನೇ ಕತ್ತರಿಸಿ ಬರೀ ಪದ ಇಟ್ಟೆ. ಮಗಳು ಎರಡು ದಿನ ಒತ್ತಿ ಬಿಟ್ಟಳು. ಮೂರನೇ ದಿನ ಪೂರ್ತಿ ಫೈಲುಗಳನ್ನೇ ಹಾಕಿದೆ.

ಈಗ ಅವಳಿಗೆ ಇಷ್ಟವಾದ ಗುಂಡಿ ಕತ್ತೆಯದ್ದು. ಅದರಲ್ಲಿ ಅಜ್ಜಿ, "ಕತ್ತೆ. ನಿಮ್ಮಪ್ಪ ಹೊತ್ತಾಗಿ ಮನೆಗೆ ಬಂದ್ರೆ ಹಿಂಗೇ ಬೈತಿದ್ದೆ" ಅಂತಾರೆ, ಒತ್ತಕ್ಷರ ಸ್ವಲ್ಪ ಜಾಸ್ತಿಯೇ ಒತ್ತಿ. ಆಫೀಸಿನಿಂದ ತಡವಾಗಿ ಬಂದ ದಿನ ನಾನು ಬಾಗಿಲಲ್ಲಿ ಶೂ ಬಿಚ್ಚುವಷ್ಟರಲ್ಲಿ ಒಳಗಿಂದ ಆ ಗುಂಡಿ ಒತ್ತಿದ ಸದ್ದು ಬರುತ್ತೆ.